ವಿಂಚ್‌ನವಳ ಮೇಲಿನ ದೂರು

ಹಡಗಿನ ಇಕ್ಕಟ್ಟಾದ ಓಣಿಯಲ್ಲಿ ಇಬ್ಬರೂ ಎದುರುಬದುರಾದರು. ಅವಳ ಹೆಗಲಲ್ಲಿ ಬಟ್ಟೆಯ ಚೀಲವಿತ್ತು.

"ದಾರಿ ಬಿಡಿ, ವಿಜ್ಞಾನಿಗಳೇ."

ಎರಡು ವರ್ಷ ಏಕವಚನದಲ್ಲೇ ಜಗಳವಾಡಿದವಳ ಬಾಯಲ್ಲಿ ಇವತ್ತು ಬಹುವಚನ... ಅವನ ಮುಖ ಸಪ್ಪಗಾಯಿತು.

ಧ್ರುವ ಸಂಶೋಧನೆಯ ಆ ಹಡಗನ್ನು ನಡೆಸುತ್ತಿದ್ದದ್ದು ಗುತ್ತಿಗೆ ಹಿಡಿದ ಖಾಸಗಿ ಕಂಪನಿ. ಅವಳು ಅದರ ಉದ್ಯೋಗಿ. ಉಪಕರಣಗಳನ್ನು ಉಕ್ಕಿನ ಹಗ್ಗದಲ್ಲಿ ಕಡಲಾಳಕ್ಕೆ ಇಳಿಸುವ ವಿಂಚ್ ಯಂತ್ರ ಅವಳ ಕೈಯಲ್ಲಿತ್ತು. ಅವನು ಸರ್ಕಾರಿ ಸಂಸ್ಥೆಯ ವಿಜ್ಞಾನಿ. ಹಿಮದ ಕಡಲಿಗೆ ಎರಡು ಸಲ ಒಟ್ಟಿಗೆ ಹೋಗಿಬಂದಿದ್ದರು. ಅವಳ ಅಕ್ಕನ ಮನೆಯಲ್ಲಿ ಮದುವೆಯ ಮಾತೂ ಆಗಿತ್ತು.

ಅಷ್ಟರಲ್ಲಿ ಅವನು ವಿಂಚ್ ಬಗ್ಗೆ ತನ್ನ ಸಂಸ್ಥೆಗೆ ದೂರು ಬರೆದ. ಗುತ್ತಿಗೆ ರದ್ದಾಯಿತು. ಹೊಸ ಕಂಪನಿ ತನ್ನದೇ ಹಡಗನ್ನು, ತನ್ನದೇ ಜನರನ್ನು ತರುವುದಿತ್ತು. ಇಲ್ಲಿನ ಇಪ್ಪತ್ತಾರು ಮಂದಿ ಗಂಟುಮೂಟೆ ಕಟ್ಟುತ್ತಿದ್ದರು.

"ನಿನಗೆ ಕೆಲಸ ಬರೋದಿಲ್ಲ ಅಂತ ನಿನ್ನವನೇ ಬರೆದಿದ್ದಾನೆ," ಎಂದು ಕಂಪನಿಯ ಮ್ಯಾನೇಜರ್ ಎಲ್ಲರೆದುರೇ ಅವಳಿಗೆ ಹೇಳಿದ್ದ.

"ನಾನು ಹಾಗೆ ಬರೆದಿಲ್ಲ. ನೀನೇ ಓದು," ಎಂದು ಅವನು ಈಗ ಓಣಿಯಲ್ಲೇ ದೂರಿನ ಪ್ರತಿಯಿದ್ದ ಫೋನ್ ಮುಂದೆ ಹಿಡಿದ.

ಓದಿದಳು. ಬ್ರೇಕ್ ಮೂರು ಸಲ ಜಾರಿದೆ... ಹಗ್ಗ ತುಂಡಾದರೆ ಯಂತ್ರದ ಬಳಿ ನಿಂತವರ ಜೀವ ಉಳಿಯದು... ವಿಂಚ್ ನಿರ್ವಾಹಕಿ ಹೇಳುತ್ತಲೇ ಬಂದರೂ ಕಂಪನಿ ರಿಪೇರಿ ಮಾಡಿಸಿಲ್ಲ.

ಫೋನ್ ಹಿಂದಿರುಗಿಸಿದಳು. ಆದರೆ ಸಿಟ್ಟು ಇಳಿಯಲಿಲ್ಲ.

"ನನಗೊಂದು ಮಾತು ಹೇಳಬೇಕಿತ್ತು ನೀನು."

"ಹೇಳಿದ್ರೆ ನೀನು ತಡೀತಿದ್ದೆ."

"ಹೌದು, ತಡೀತಿದ್ದೆ. ಅಡುಗೆಮನೆಗೆ ಹೋಗಿ ನೋಡು. ಆ ಅಡುಗೆ ತಾತನ್ನ ಈ ವಯಸ್ಸಲ್ಲಿ ಯಾವ ಹಡಗು ಹತ್ತಿಸಿಕೊಳ್ಳುತ್ತೆ? ಬೆಳಗ್ಗೆಯಿಂದ ತೊಳೆದ ಪಾತ್ರೆನೇ ತೊಳೀತಿದ್ದಾನೆ."

ಅವನು ತಲೆ ತಗ್ಗಿಸಿದ. "ನಿನ್ನೊಬ್ಬಳನ್ನೇ ನೆನೆಸಿಕೊಂಡು ಬರೆದೆ. ಉಳಿದವರು ಕಣ್ಣಿಗೇ ಬೀಳಲಿಲ್ಲ. ತಪ್ಪು ನಂದೇ... ಆದ್ರೂ, ನಾಳೆ ಮತ್ತೆ ಅಂಥ ಯಂತ್ರದ ಮುಂದೆ ನಿನ್ನ ನಿಲ್ಲಿಸಿದ್ರೆ, ಮತ್ತೆ ಬರೀತೀನಿ."

ಇವನು ಸುಳ್ಳುಗಾರನಾಗಿದ್ದರೆ ಎಷ್ಟು ಸುಲಭವಿತ್ತು! ಬಿಟ್ಟು ನಡೆದುಬಿಡಬಹುದಿತ್ತು...

"ನನ್ನ ಮೇಲೆ ಪ್ರೀತಿ ಉಳಿದಿದೆಯಾ?" ಮೆಲ್ಲಗೆ ಕೇಳಿದ.

"ಹೋಗಿಲ್ಲವಲ್ಲ ಅನ್ನೋದೇ ನನ್ನ ಸಂಕಟ."

ಅವಳು ಕಣ್ಣೊರೆಸಿಕೊಂಡಳು.

"ಬಾ. ಕೆಳಗೆ ಬಂದರಿನ ಧಕ್ಕೆಯ ಮೇಲೆ ನಮ್ಮವರು ನಿಂತಿದ್ದಾರೆ. ಈ ಮಾತು ಅವರೆದುರೂ ಹೇಳು. ನಿನ್ನ ಬಾಯಿಗೆ ಬಂದ ಹಾಗೆ ಬಯ್ತಾರೆ. ನಾನು ನಿನ್ನ ಪರ ಒಂದು ಮಾತೂ ಆಡಲ್ಲ."

"ಆಡೋದೂ ಬೇಡ."

"ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ."

"ಅಷ್ಟು ಸಾಕು," ಎಂದು ಅವನು ಅವಳ ಹಿಂದೆ ಮೆಟ್ಟಿಲಿಳಿದ.