ಒಂಬತ್ತನೇ ಕ್ಲಾಸಿನ ಉಡದ ಪಾಠ

ಗಂಗಾಂಬಿಕೆಗೂ ಗಣಿತದ ಮೇಷ್ಟ್ರು ರಾಮಾಂಜಿನಯ್ಯನಿಗೂ ಮಾತು ಶುರುವಾದದ್ದೇ ಜಗಳದಿಂದ. ಜಗಳಕ್ಕೆ ಕಾರಣ ಒಂದು ಉಡ.

೧೯೭೯ರ ಮಾತು. ಗುಬ್ಬಿಯ ಹೊರಗೆ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿಗೆ ಒಂದು ಇಂಗ್ಲಿಷ್ ಸಿನಿಮಾ ಬಂದಿತ್ತು. ಮನೆಯೆತ್ತರದ ಉಡವೊಂದು ಸಮುದ್ರದಿಂದ ಎದ್ದು ಬಂದು ಊರನ್ನೆಲ್ಲ ತುಳಿಯುವ ಕಥೆ. ಹೋಂವರ್ಕ್ ಬಿಟ್ಟು ಮೊದಲನೇ ಆಟಕ್ಕೆ ಓಡಿದ್ದ ಒಂಬತ್ತನೇ ಕ್ಲಾಸಿನ ಹತ್ತು ಹುಡುಗರನ್ನು ರಾಮಾಂಜಿನಯ್ಯ ಬೆಂಚಿನ ಮೇಲೆ ನಿಲ್ಲಿಸಿದ್ದ. ಮುಂದಿನ ಪೀರಿಯಡ್ಡಿಗೆ ಬಂದ ಸೈನ್ಸ್ ಟೀಚರ್ ಗಂಗಾಂಬಿಕೆ ಅವರನ್ನೆಲ್ಲ ಕೂರಿಸಿಬಿಟ್ಟಳು.

"ನಾನ್ ನಿಲ್ಸಿದ್ದು ಮೇಡಂ," ಎಂದ ಅವನು, ಬಾಗಿಲಿಗೆ ಬಂದು.

"ನನ್ ಪೀರಿಯಡ್ ಮೇಷ್ಟ್ರೇ, ನಾನ್ ಕೂರಿಸ್ದೆ."

"ಸುಳ್ಳು ಸಿನಿಮಾ ನೋಡಿ ತಲೆ ಕೆಡಿಸ್ಕೊಂಡವ್ರೆ. ಅಂಥ ಉಡ ಎಲ್ಲಾದ್ರೂ ಇರುತ್ತಾ?"

"ಯಾಕಿರಲ್ಲ ಅಂತ ನೀವು ಲೆಕ್ಕ ಹಾಕಿ ತೋರ್ಸಿ. ನಾನು ಮೂಳೆ ಬರ್ದು ತೋರಿಸ್ತೀನಿ. ಸುಳ್ಳನ್ನೇ ಹಿಡ್ಕೊಂಡು ನಿಜ ಕಲಿಸೋಣ."

ಅವನು ಏನೋ ಹೇಳಲು ಬಾಯಿ ತೆರೆದವನು ನಕ್ಕುಬಿಟ್ಟ. ಕೆನ್ನೆಗೆ ಸೀಮೆಸುಣ್ಣ ಮೆತ್ತಿತ್ತು. ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ಅವಳು ಅಲ್ಲೇ ನೋಡುತ್ತ ನಿಂತಳು. ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು.

ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರು "ಏನಾದ್ರೂ ಮಾಡ್ಕಳಿ, ನನ್ ತಲೆಗೆ ತರ್ಬೇಡಿ" ಎಂದರು. ಡೇರೆಯಲ್ಲಿ ಹಗಲಾಟ ಇಲ್ಲ. ಅದಕ್ಕೆ ಒಂದು ಶನಿವಾರ ಸಂಜೆ ಇಬ್ಬರೂ ಸೇರಿ ಇಡೀ ಕ್ಲಾಸನ್ನು ಮೊದಲನೇ ಆಟಕ್ಕೆ ಕರೆದುಕೊಂಡು ಹೋದರು. ಸಾಲಿನ ಈ ತುದಿಗೆ ಅವಳು, ಆ ತುದಿಗೆ ಅವನು, ನಡುವೆ ನಲವತ್ತು ಮಕ್ಕಳು. ಉಡ ಗರ್ಜಿಸಿದಾಗ ಬೆಚ್ಚಿ ಬಿದ್ದವನು ಮೇಷ್ಟ್ರೇ. ತೆರೆಯ ಬೆಳಕಿನಲ್ಲಿ ಅವಳು ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ.

"ಲೆಕ್ಕದಲ್ಲಿ ಇಲ್ದಿರೋ ಉಡಕ್ಕೆ ಹೆದರಿದ್ರಲ್ಲ," ಎಂದಳು ಸೋಮವಾರ.

"ಗೊತ್ತಿದ್ದೂ ಹೆದ್ರೋ ವಿಷಯ ಇನ್ನೂ ಇದಾವೆ ಮೇಡಂ," ಎಂದ. ಎನ್ನುವಾಗ ಅವಳ ಮುಖ ನೋಡಲಿಲ್ಲ.

ಆಮೇಲಿನ ಒಂದು ತಿಂಗಳು ಆ ಕ್ಲಾಸಿಗೆ ಹಬ್ಬ. ಉದ್ದ, ಅಗಲ, ಎತ್ತರ ಹತ್ತು ಪಟ್ಟು ಬೆಳೆದರೆ ತೂಕ ಸಾವಿರ ಪಟ್ಟಾಗುತ್ತದೆ ಎಂದು ಅವನು ಬೋರ್ಡಿನ ಮೇಲೆ ತೋರಿಸಿದ. ಕಾಲಿನ ಮೂಳೆಯ ಶಕ್ತಿ ಮಾತ್ರ ನೂರೇ ಪಟ್ಟು ಎಂದು ಅವಳು ತೋರಿಸಿದಳು. ಉಡ ದಾಟಿದ ಸಮುದ್ರವನ್ನು ಮಕ್ಕಳು ಭೂಪಟದಲ್ಲಿ ಹುಡುಕಿದರು, ಕನ್ನಡ ಪೀರಿಯಡ್ಡಿನಲ್ಲಿ ಉಡಕ್ಕೆ ಕಾಗದ ಬರೆದರು. ಕೊನೆಯ ಬೆಂಚಿನ ಮರಿಯಮ್ಮ ಎದ್ದು, "ಪಾಪ ಮೇಡಂ, ಅದ್ಕೆ ನಿಂತ್ಕಳಕ್ಕೇ ಆಗಲ್ವಲ್ಲ," ಎಂದಾಗ ಗಂಗಾಂಬಿಕೆ ಬೋರ್ಡಿನ ಕಡೆ ತಿರುಗಿ ಉಡದ ಕಾಲಿನ ಮೂಳೆಯನ್ನು ಇನ್ನಷ್ಟು ದಪ್ಪಗೆ ಬರೆದಳು. ಇಷ್ಟು ಚೆನ್ನಾದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ದಿನಾ ಕ್ಯಾತ್ಸಂದ್ರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ಹೋಗುವವಳು ಅವಳು. ಮನೆಯಲ್ಲಿ ಅಮ್ಮನಿಗೆ ಇವಳೇ ಆಧಾರ. ನೌಕರಿಯೋ ಇನ್ನೂ ಪ್ರೊಬೇಷನ್. ಅವನ ಜಾತಿ ಬೇರೆ ಎಂದು ಗೊತ್ತಿತ್ತು. ಆದರೂ ಅಮ್ಮನನ್ನು ಒಪ್ಪಿಸುವ ಮಾತುಗಳನ್ನು ಕಿಟಕಿ ಪಕ್ಕ ಕೂತು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಅವನು ಬಾಯಿ ಬಿಡಲಿ ಎಂದು ಕಾಯುತ್ತಿದ್ದಳು, ಅಷ್ಟೇ.

ಊರ ಬಾಯಿಗೆ ಬೀಗ ಹಾಕುವವರು ಯಾರು? ತುಮಕೂರಿನ ವಿದ್ಯಾ ಇಲಾಖೆ ಆಫೀಸಿಗೆ ಒಂದು ಮೂಗರ್ಜಿ ಹೋಯಿತು. ಮಕ್ಕಳ ನೆಪದಲ್ಲಿ ಮೇಷ್ಟ್ರು ಮೇಡಂ ಸಿನಿಮಾಕ್ಕೆ ಹೋಗಿದ್ದಾರೆ ಎಂದು. ಹೆಸರು ಹಾಕುವ ಧೈರ್ಯ ಇಲ್ಲದವರ ಕಾಗದಕ್ಕೆ ಎಷ್ಟು ಬೆಲೆ ನೋಡಿ, ವಾರದೊಳಗೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು.

ಅಷ್ಟರಲ್ಲಿ ರಾಮಾಂಜಿನಯ್ಯ ಹೇಳಿಕೆ ಬರೆದುಕೊಟ್ಟು ಆಗಿತ್ತು. ಎಲ್ಲವೂ ತನ್ನದೇ ಯೋಜನೆ, ಆ ಮೇಡಂಗೂ ಇದಕ್ಕೂ ಸಂಬಂಧವಿಲ್ಲ, ಹೆಣ್ಣುಮಕ್ಕಳನ್ನು ನೋಡಿಕೊಳ್ಳಲಷ್ಟೇ ತಾನು ಕರೆದಿದ್ದು. ಹೆಡ್‌ಮಾಸ್ಟರು ಅದನ್ನು ಓದಿ ಹೇಳಿ, ಗಂಗಾಂಬಿಕೆಯ ಹತ್ತಿರ ದನಿ ತಗ್ಗಿಸಿದರು. "ನೀನೀಗ ಸಂಬಂಧ ಇದೆ ಅಂದ್ರೆ ಅವ್ನು ಸುಳ್ಳು ಹೇಳಿಕೆ ಕೊಟ್ಟ ಅಂತಾಗುತ್ತಮ್ಮ. ಈಗ ಬರೀ ವರ್ಗ. ನೀನು ಹಂಗಂದ್ರೆ ಅವನ್ನ ಮನೆಗೇ ಕಳಿಸ್ತಾರೆ."

ಅಧಿಕಾರಿ ಪಾಠದ ಸುದ್ದಿಯನ್ನೇ ಎತ್ತಲಿಲ್ಲ. "ನಿಮಗೆ ಇದರಲ್ಲಿ ಏನಾದರೂ ಸಂಬಂಧ ಇದೆಯೇ?" ಎಂದು ಒಂದೇ ಪ್ರಶ್ನೆ ಕೇಳಿದರು.

"ಇಲ್ಲ ಸಾರ್," ಎಂದಳು. ಆ ಮಾತು ಬಾಯಿಂದ ಹೊರಟಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವನ ಮೇಲೂ ಸಿಟ್ಟು ಬಂತು.

ಅವನಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಹೊರಟ ದಿನ ಇಬ್ಬರದೂ ಒಂದೇ ರೈಲು. ಗುಬ್ಬಿಯಲ್ಲಿ ಗುರುತಿನವರಿದ್ದರು, ಬೇರೆ ಬೇರೆ ಡಬ್ಬಿ ಹತ್ತಿದರು. ತುಮಕೂರಿನಲ್ಲಿ ಅವನು ಟ್ರಂಕು ಹಿಡಿದು ಇಳಿದು, ಅವಳ ಕಿಟಕಿಯ ಹತ್ತಿರ ಬಂದ.

"ಕುಣಿಗಲ್ ಏನ್ ದೂರ ಅಲ್ಲ ಮೇಡಂ," ಎಂದ. "ರಜಾದಲ್ಲಿ ಬಂದು ನಿಮ್ಮಮ್ಮನ್ನ ಕೇಳೋಣ ಅಂತಿದ್ದೆ. ಇನ್ ಹೆಂಗ್ ಬರ್ಲಿ? ಈಗ ಬಂದ್ರೆ ಮೂಗರ್ಜೀನೇ ನಿಜ ಅಂತಾರೆ. ನಿಮ್ ಕೆಲ್ಸಕ್ಕೇ ಕುತ್ತು."

"ಆ ಪಾಠ ನಂದಾಗಿತ್ತು ಮೇಷ್ಟ್ರೇ. ಏನೂ ಗೊತ್ತಿಲ್ದೋಳು ಅಂತ ಬರ್ಕೊಟ್ರಿ."

"ನಿಮ್ಗೇನೂ ಆಗ್ಬಾರ್ದು ಅಂತ..."

"ಆಗೋದಿದ್ರೆ ಇಬ್ರಿಗೂ ಆಗ್ತಿತ್ತು. ನನ್ನ ಒಂದ್ ಮಾತು ಕೇಳ್ಬೇಕಿತ್ತು."

ಗಾರ್ಡು ಸೀಟಿ ಊದಿದ.

"ಈಗಾದ್ರೂ ಕೇಳಿ," ಎಂದಳು.

ರಾಮಾಂಜಿನಯ್ಯ ಟ್ರಂಕು ಕೆಳಗಿಟ್ಟು ಕಿಟಕಿಯ ಕಂಬಿ ಹಿಡಿದುಕೊಂಡ. "ನನ್ ಜೊತೆ ನಿಲ್ತಿದ್ರಾ, ಗಂಗಾಂಬಿಕೆ?" ಮೇಡಂ ಎನ್ನದೆ ಅವನು ಕರೆದದ್ದು ಅದೇ ಮೊದಲು.

"ನಿಲ್ತಿದ್ದೆ. ಕೆಲ್ಸ ಹೋಗಿದ್ರೂ ನಿಲ್ತಿದ್ದೆ."

ತಾನು ಉಳಿಸಿದ್ದು ಏನು, ಕಳೆದುಕೊಂಡದ್ದು ಏನು ಎಂದು ಅವನಿಗೆ ಆಗ ಅರ್ಥವಾಯಿತು. ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಕಂಬಿ ಬಿಡಲಿಲ್ಲ, ರೈಲೇ ಬಿಡಿಸಿಕೊಂಡು ಹೊರಟಿತು. ಕ್ಯಾತ್ಸಂದ್ರ ಮುಂದಿನ ಸ್ಟೇಷನ್ನೇ. ಅಳುವುದಕ್ಕೆ ಗಂಗಾಂಬಿಕೆಗೆ ಅಷ್ಟೇ ಹೊತ್ತು ಸಿಕ್ಕಿತು.