ಬಿಸಿ ಆರದ ಚಿಪ್

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಹಳೆಯ ಹೋಮ್ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುತ್ತೇನೆ. ಅವುಗಳ ಸೌಂಡ್ ಚಿಪ್ ಆ ಮಾಡೆಲ್‌ಗೆಂದೇ ತಯಾರಾದದ್ದು, ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಮೆಷಿನ್ ಬದುಕಬೇಕಾದರೆ ಅಂಥದೇ ಇನ್ನೊಂದರ ಹೊಟ್ಟೆ ಬಗೆಯಬೇಕು.

ಹಾಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ಮನೆಯ ಮೆಷಿನ್. “ಹುಷಾರಿಲ್ದಾಗ್ಲೂ ಯಜಮಾನರು ಇದರ ಮುಂದೇನೇ ಕೂತಿರ್ತಿದ್ರು. ಅವರು ಹೋದ್ಮೇಲೆ ಯಾರೂ ಮುಟ್ಟಿಲ್ಲಪ್ಪ,” ಎಂದು ಅವರೇ ಎತ್ತಿಕೊಟ್ಟರು.

ಕರೆಂಟ್ ಕೊಟ್ಟ ಮೇಲೆ ಬೆರಳಿಟ್ಟು ನೋಡುವುದು ನಮ್ಮ ರೂಢಿ. ಜೀವವಿರುವ ಚಿಪ್ ಬೆಚ್ಚಗಾಗುತ್ತದೆ. ಇದು ಕರೆಂಟ್ ಇಲ್ಲದೆಯೇ, ಕೀಳುವಾಗಲೇ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡು ನನ್ನ ಮೆಷಿನ್‌ಗೆ ಕೂರಿಸಿದೆ. ಸ್ವರಗಳೆಲ್ಲ ಸರಿಯಾಗಿಯೇ ಬಂದವು. ಒಳಗಿನಿಂದ ಹೆಂಡತಿ ಕೇಳಿದಳು: “ಆಗ್ಲಿಂದ ಕೆಮ್ತಾನೇ ಇದೀರಲ್ಲ, ಒಂದ್ಲೋಟ ಬಿಸಿನೀರು ಕುಡೀಬಾರ್ದಾ?”

ಕೆಮ್ಮಿದ್ದು ನಾನಲ್ಲ. ಮನೆಯಲ್ಲಿದ್ದದ್ದು ನಾವಿಬ್ಬರೇ.

ಚಿಪ್ ಕಿತ್ತು ಕಿಟಕಿಯ ಕಲ್ಲಿನ ಮೇಲಿಟ್ಟೆ. ಬೆಳಗ್ಗೆ ಕಲ್ಲು ಕೊರೆಯುವಷ್ಟು ತಣ್ಣಗಿತ್ತು, ಚಿಪ್ ಮಾತ್ರ ಹಾಗೇ ಬೆಚ್ಚಗಿತ್ತು. ಜೇಬಿಗೆ ಹಾಕಿಕೊಳ್ಳಲು ಮನಸ್ಸಾಗದೆ ಡಬ್ಬಿಯಲ್ಲಿಟ್ಟು ವಾಪಸ್ ಒಯ್ದೆ.

“ಇದು ಹೊಂದ್ಲಿಲ್ಲ ಅಜ್ಜಿ,” ಎಂದೆ. ಬೇರೇನೂ ಹೇಳಲಿಲ್ಲ.

ಅವರು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು.

“ಜ್ವರ ಇನ್ನೂ ಬಿಟ್ಟಿಲ್ಲ,” ಎಂದು ಬಾಗಿಲು ಹಾಕಿಕೊಂಡರು.