ಆಯಾಸ ಅಂದ್ರೆ ಸುಸ್ತು ತಾನೇ?

"ಯಾವ ಮುಖ ಇಟ್ಕೊಂಡು ಬಂದ್ರಿ ಇಲ್ಲಿಗೆ?"

ವಿಜಯವಾಡದ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಸುಮಂತ್ ಹೀಗೆ ಕೇಳಿದಾಗ ಸುದ್ದಿ ತಿಳಿದು ವಿಶಾಖಪಟ್ಟಣದಿಂದ ಓಡಿಬಂದಿದ್ದ ಹರಿಣಿ ಅಲ್ಲೇ ನಿಂತುಬಿಟ್ಟಳು. ಆರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ... ಮೊದಲ ಸಲ ಎದುರಾಗಿದ್ದು ಹೀಗಾ!

ಹರಿಣಿ ದಾವಣಗೆರೆಯವಳು. ವಿಶಾಖಪಟ್ಟಣದ ಕಂಪನಿಯೊಂದರಲ್ಲಿ ವಯಸ್ಸಾದವರಿಗಾಗಿ ಆಪ್ ರೂಪಿಸುತ್ತಿದ್ದಳು. ಹಿರಿಯರು ಬೆಳಿಗ್ಗೆ ಎದ್ದು ಮೈ ಹೇಗಿದೆ ಎಂದು ಫೋನಿಗೆ ಹೇಳಿದರೆ ಸಾಕು, ಅಪಾಯದ ಮಾತಿದ್ದರೆ ಆಪ್ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಯಾವ ತೆಲುಗು ಪದ ಅಪಾಯದ್ದು ಎಂದು ಪಟ್ಟಿ ಮಾಡುವುದು ಹರಿಣಿಯ ಕೆಲಸ. ವಿಜಯವಾಡದಲ್ಲಿ ಮನೆ ಮನೆಗೆ ಹೋಗಿ ಅದನ್ನು ಕಲಿಸುತ್ತಿದ್ದವನು ಸುಮಂತ್. ಅಪ್ಪ ತೆಲುಗಿನವರು, ಅಮ್ಮ ಬಳ್ಳಾರಿಯವರು. ಕೆಲಸದ ಮಾತು ಮುಗಿದರೂ ಇಬ್ಬರಿಗೂ ಫೋನ್ ಇಡಲು ಮನಸ್ಸಾಗುತ್ತಿರಲಿಲ್ಲ. ಪ್ರೀತಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ!

"ನಮ್ಮ ನಾನಮ್ಮ ನಾಲ್ಕು ದಿನ ಹೇಳಿದಾರೆ ರೀ, ಆಯಾಸಂ ಆಯಾಸಂ ಅಂತ!" ಒಳಗೆ ಮಲಗಿದ್ದ ಅಜ್ಜಿಯ ಕಡೆ ಕೈ ತೋರಿಸಿದ. "ನಿಮ್ಮ ಆಪ್ ಏನಂತು ಗೊತ್ತಾ? ರೆಸ್ಟ್ ತಗೊಳ್ಳಿ ಅಂತು! ನಿನ್ನೆ ಉಸಿರು ಕಟ್ಟಿ ಬಿದ್ದುಬಿಟ್ರು."

"ಆಯಾಸ ಅಂದ್ರೆ... ಸುಸ್ತು ಅಲ್ವಾ?"

"ಅದು ಕನ್ನಡದಲ್ಲಿ! ತೆಲುಗಲ್ಲಿ ಉಸಿರಾಡೋಕೆ ಆಗ್ತಿಲ್ಲ ಅಂತ! ಇಷ್ಟೂ ಕೇಳಿ ತಿಳ್ಕೊಳ್ಳಲಿಲ್ವಾ ನೀವು?"

ಕೇಳಿದ್ದಳು. ಇವನನ್ನೇ ಕೇಳಿದ್ದಳು! ‘ಆಯಾಸ ಅಂದ್ರೆ ಸುಸ್ತು ತಾನೇ?’ ಎಂದಾಗ ‘ಹ್ಞೂಂ ರೀ, ಸುಸ್ತೇ’ ಎಂದು ನಕ್ಕಿದ್ದ. ಸಿಟ್ಟು ನೆತ್ತಿಗೇರಿದವನಿಗೆ ಅದೆಲ್ಲಿ ನೆನಪಿರಬೇಕು!

ಮಾತು ಅವಳ ತುಟಿಯವರೆಗೆ ಬಂತು. ‘ಬೇಡ... ಈಗ ಹೇಳಿದ್ರೆ ಬದುಕಿಡೀ ಕೊರಗ್ತಾರೆ.’ ನುಂಗಿಕೊಂಡಳು.

ಕಿಟಕಿಯ ಹತ್ತಿರ ಹೋಗಿ ಮ್ಯಾನೇಜರ್ ರಮಾಕಾಂತರಿಗೆ ಫೋನ್ ಮಾಡಿದಳು. "ಸರ್, ಆಪ್ ಈಗಲೇ ನಿಲ್ಲಿಸಿ. ಆಯಾಸಂ ಅಂದವರಿಗೆಲ್ಲ ಡಾಕ್ಟರ್ ಫೋನ್ ಮಾಡ್ಲಿ. ಇಲ್ಲ ಸರ್, ಪದಗಳನ್ನ ಬೇರೆ ಯಾರೂ ನೋಡಿಲ್ಲ. ತಪ್ಪು ನನ್ನೊಬ್ಬಳದೇ... ಕೆಲಸದಿಂದ ತೆಗೀತೀರಾ? ತೆಗೀರಿ."

ತಿರುಗಿದರೆ ಸುಮಂತ್ ಹಿಂದೆಯೇ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಸುಳ್ಳು ಯಾಕೆ ಹೇಳಿದ್ರಿ? ಈಗ ನೆನಪಾಯ್ತು, ನೀವು ನನ್ನನ್ನ ಕೇಳಿದ್ರಿ... ಹ್ಞೂಂ ಅಂದವನು ನಾನೇ!"

"ಬಿಡಿ ಸುಮಂತ್..."

"ಹೇಗೆ ಬಿಡ್ಲಿ? ತೆಲುಗಲ್ಲೇ ಬೆಳೆದವನು ನಾನು! ಆದ್ರೆ ನಿಮ್ಮ ಹತ್ರ ಮಾತಾಡುವಾಗ ಅಮ್ಮನ ಕನ್ನಡ ಬಿಟ್ಟು ಇನ್ನೇನೂ ನೆನಪಾಗಲ್ಲ ರೀ. ನೀವು ಕೆಲಸದ ಮಾತು ಕೇಳಿದ್ರಿ, ನಾನು ನಿಮ್ಮ ದನಿ ಕೇಳ್ತಾ ಕೂತಿದ್ದೆ..." ಐಸಿಯು ಬಾಗಿಲ ಕಡೆ ನೋಡಿದ. "ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಜಾಗಾನಾ ಇದು! ನಾನಮ್ಮ ಒಳಗೆ..."

ಐಸಿಯು ಬಾಗಿಲು ತೆರೆಯಿತು. ಡಾಕ್ಟರ್ ಮಾಧವೀಲತಾ ಹೊರಬಂದರು. ಇಬ್ಬರೂ ಅವರತ್ತ ಧಾವಿಸಿದರು.

"ಭಯ ಇಲ್ಲ. ಕಣ್ಣು ಬಿಟ್ಟಿದಾರೆ. ಕಾಫಿ ಕೇಳ್ತಿದಾರೆ!"

ಸುಮಂತ್ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತುಬಿಟ್ಟ. ಹರಿಣಿ ಹಿಂದೆಮುಂದೆ ನೋಡದೆ ಅವನ ಕೈ ಹಿಡಿದುಕೊಂಡಳು.

ಆಮೇಲೆ ಅವನು ಕಣ್ಣೊರೆಸಿಕೊಂಡು ಜೇಬಿನಿಂದ ಫೋನ್ ತೆಗೆದ. "ತಪ್ಪು ಇಬ್ಬರದೂ ಅಂತ ರಮಾಕಾಂತ್ ಸರ್‌ಗೆ ಹೇಳ್ತೀನಿ."

"ಅಯ್ಯೋ, ನಿಮ್ಮ ಕೆಲಸಾನೂ ಹೋಗುತ್ತೆ!"

"ಹೋಗ್ಲಿ. ನಿಮ್ಮನ್ನ ಮಾತ್ರ ಕಳ್ಕೊಳ್ಳಲ್ಲ."

"ನಿಮ್ಮನ್ನ ಅಲ್ಲ..." ಅಳುತ್ತಲೇ ನಕ್ಕಳು ಹರಿಣಿ. "ನಿನ್ನನ್ನ ಅನ್ನಿ."

"ನಿನ್ನನ್ನ ಕಳ್ಕೊಳ್ಳಲ್ಲ, ಹರಿಣಿ."